ಪೆನಾಂಗ್‌ನ ಬಾವುಟಗುಡ್ಡೆ: ರೈಲಾ, ಕಾಲ್ನಡಿಗೆಯಾ, ಇಲ್ಲಾ ಬೇರೆ ಎತ್ತರವಾ?

ನನ್ನ ತಮ್ಮ ಮಲೇಷ್ಯಾದ ಪೆನಾಂಗ್‌ನಲ್ಲಿ ಒಂದು ಚಿಪ್ ಕಾರ್ಖಾನೆಯಲ್ಲಿ ಇಂಜಿನಿಯರ್. ಅವನ ದೆಸೆಯಿಂದ ನಾನು ನಾಲ್ಕು ಸಲ ಅಲ್ಲಿಗೆ ಹೋಗಿ ಬಂದೆ. ಅದೇ ತಪ್ಪಾಯ್ತು ನೋಡಿ. ಈಗ ನಂಟರಲ್ಲಿ ಯಾರು ಅತ್ತ ಕಡೆ ಹೊರಟರೂ ನನಗೊಂದು ಫೋನ್ ಬರುತ್ತದೆ. "ಅಕ್ಕಾ, ಆ ಬೆಟ್ಟಕ್ಕೆ ರೈಲಲ್ಲಿ ಹೋಗೋದಾ, ನಡೆದು ಹತ್ತೋದಾ? ಬೆಳಿಗ್ಗೆನಾ, ಸಂಜೆನಾ? ಆ ಫಾಸ್ಟ್ ಲೇನ್ ಟಿಕೆಟ್ ಸುಮ್ನೆ ದಂಡ ಅಲ್ವಾ?"

ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಅದಕ್ಕೇ ಒಂದೇ ಸಲ ಬರೆದಿಡುತ್ತಿದ್ದೇನೆ.

ಬೆಟ್ಟದ ಮಲಯ ಹೆಸರು ಬುಕಿತ್ ಬೆಂಡೇರಾ. ಅಂದರೆ ನೆಟ್ಟಗೆ ನಮ್ಮ ಮಂಗಳೂರಿನ ಬಾವುಟಗುಡ್ಡೆ! ಹಡಗು ಬಂದರೆ ಮೇಲಿನಿಂದ ಬಾವುಟದ ಸನ್ನೆ ಮಾಡುತ್ತಿದ್ದರಂತೆ. ಇಂಗ್ಲಿಷಿನವರಿಗೆ ಅದು ಪೆನಾಂಗ್ ಹಿಲ್. ಕೆಳಗೆ ಕಾಣುವ ಊರು ಜಾರ್ಜ್‌ಟೌನ್. 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಫ್ರಾನ್ಸಿಸ್ ಲೈಟ್ ಬಂದು ಕಟ್ಟಿದ ಬಂದರು. 2008ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಊರು ನೆಲದ ಮೇಲೆ ಸೆಕೆಯಲ್ಲಿ ಬೇಯುತ್ತಿರುವಾಗ ದೊರೆಗಳು ಮೇಲೆ ಬಂಗಲೆ ಕಟ್ಟಿಕೊಂಡು ತಣ್ಣಗಿದ್ದರು. ಹತ್ತುವುದಕ್ಕೆ ಕುದುರೆ, ಇಲ್ಲವೇ ಕೂಲಿಯವರ ಹೆಗಲ ಮೇಲೆ ಡೋಲಿ. 1923ರಲ್ಲಿ ಹಳಿ ಬಂತು. ಆಮೇಲೆ ಬೆಟ್ಟ ಎಲ್ಲರದ್ದಾಯಿತು.

ಆಯ್ಕೆಗೆ ಮುಂಚೆ ನಾಲ್ಕು ಪ್ರಶ್ನೆ

ಯಾವ ದಾರಿ ಅಂತ ಕೇಳುವ ಮುಂಚೆ ಇವನ್ನು ನಿಮ್ಮನ್ನೇ ಕೇಳಿಕೊಳ್ಳಿ. ನಿಮಗೆ ಬೇಕಿರುವುದು ಊರಿನ ನೋಟವಾ, ಕಾಡಾ, ಬರೀ ತಂಪು ಗಾಳಿಯಾ? ಜೊತೆಗೆ ಬರುವವರ ಮಂಡಿ ಹೇಗಿದೆ? ನಿಮ್ಮ ಹತ್ತಿರ ದುಡ್ಡು ಜಾಸ್ತಿ ಇದೆಯೋ, ಹೊತ್ತು ಜಾಸ್ತಿ ಇದೆಯೋ? ಕೊನೆಯದು, ಯಾರೂ ಯೋಚಿಸದೇ ಇರುವುದು: ಬೆಳಕು ಯಾವ ಕಡೆಯಿಂದ ಬೀಳುತ್ತದೆ?

ನನ್ನ ಮಟ್ಟಿಗೆ ಈ ಕೊನೆಯ ಪ್ರಶ್ನೆಯೇ ಮುಖ್ಯ. ರೈಲಾ ನಡಿಗೆಯಾ ಅನ್ನುವುದಕ್ಕಿಂತ ಎಷ್ಟು ಗಂಟೆಗೆ ಮೇಲಿರುತ್ತೀರಿ ಅನ್ನುವುದು ಹೆಚ್ಚು ಫರಕು ಮಾಡುತ್ತದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೆಟ್ಟ ಪಶ್ಚಿಮಕ್ಕಿದೆ, ಊರು ಪೂರ್ವಕ್ಕೆ. ಬೆಳಿಗ್ಗೆ ಹೋದರೆ ಸೂರ್ಯ ಊರಿನ ಹಿಂದಿನಿಂದ ಏಳುತ್ತಾನೆ. ಉದಯ ಚೆನ್ನ. ಆದರೆ ಬಿಸಿಲು ಏರಿದಂತೆ ಕಣ್ಣಿಗೆ ಹೊಡೆಯುತ್ತದೆ, ಊರು ಬರೀ ಕಪ್ಪು ನೆರಳಿನ ಹಾಗೆ ಕಾಣುತ್ತದೆ. ಸಂಜೆ ಉಲ್ಟಾ. ಸೂರ್ಯ ನಿಮ್ಮ ಬೆನ್ನಿಗೆ. ಊರಿನ ಹೆಂಚು, ಬಂದರಿನ ಹಡಗು, ಆಚೆ ದಡದ ಬಟರ್‌ವರ್ತ್, ಎಲ್ಲದಕ್ಕೂ ಬಂಗಾರದ ನೀರು ಹಾಕಿದ ಹಾಗೆ. ಆಮೇಲೆ ಒಂದು ತಮಾಷೆ ನಡೆಯುತ್ತದೆ. ಸೂರ್ಯ ಮುಳುಗುವ ಮುಂಚೆಯೇ ಬೆಟ್ಟದ ನೆರಳು ಊರಿನ ಮೇಲೆ ಹರಡಲು ಶುರುವಾಗುತ್ತದೆ. ಮೊದಲು ಬುಡದ ಬಡಾವಣೆಗಳು ಮಬ್ಬಾಗುತ್ತವೆ, ಆಮೇಲೆ ಹಳೇ ಊರು, ಕೊನೆಗೆ ಕಡಲು. ನೆರಳು ಮುಟ್ಟಿದ ಕಡೆಯಲ್ಲೆಲ್ಲ ಒಂದೊಂದೇ ದೀಪ ಹತ್ತುತ್ತದೆ. ಕಟಕಟೆಗೆ ಒರಗಿಕೊಂಡು ಇದನ್ನೊಂದು ಅರ್ಧ ಗಂಟೆ ನೋಡುವುದಕ್ಕೆ ನಾನು ಇನ್ನೊಂದು ಸಲ ಬೇಕಾದರೂ ಹೋಗುತ್ತೇನೆ.

ಹಾಗಾದರೆ ಸಂಜೆಯೇ ಸರಿ ಅಂತ ಹೊರಟುಬಿಡಬೇಡಿ. ಸಂಜೆಗೆ ಎರಡು ತೊಂದರೆ. ಒಂದು, ಎಲ್ಲರೂ ಆಗಲೇ ಬರುತ್ತಾರೆ. ಇನ್ನೊಂದು, ಮಧ್ಯಾಹ್ನದ ಮೇಲೆ ಮಂಜು, ಮಳೆ ಬರುವುದು ಜಾಸ್ತಿ. ಮೊದಲ ಸಲ ನಾನು ಅಮ್ಮನನ್ನು ಕರೆದುಕೊಂಡು ಒಂದು ಶನಿವಾರ ಐದೂವರೆಗೆ ಹೋದೆ. ಅಲ್ಲಿನ ಶಾಲೆಗಳಿಗೆ ರಜೆ ಅನ್ನುವುದು ಗೊತ್ತಿರಲಿಲ್ಲ, ತಪ್ಪು ನನ್ನದೇ. ಒಂದೂವರೆ ಗಂಟೆ ಸಾಲು. ಮೇಲೆ ಹೋಗಿ ನೋಡಿದರೆ ಬಿಳೀ ಪರದೆ. ಹತ್ತಡಿ ಆಚೆಯ ದೀಪದ ಕಂಬವೂ ಕಾಣದು. "ಇದನ್ನ ನೋಡೋಕೆ ಮಡಿಕೇರಿ ಸಾಲದಾಗಿತ್ತಾ?" ಅಂದರು ಅಮ್ಮ. ಇಳಿಯುವುದಕ್ಕೆ ಮತ್ತೆ ಸಾಲು.

ಮೂರು ದಿನ ಬಿಟ್ಟು ಮಂಗಳವಾರ ಬೆಳಿಗ್ಗೆ ಏಳಕ್ಕೆ ಹೋದೆವು. ಸಾಲೇ ಇಲ್ಲ. ಗಾಳಿ ತೊಳೆದ ಹಾಗಿತ್ತು. ಉತ್ತರಕ್ಕೆ ದೂರದಲ್ಲಿ ಕೆಡಾ ರಾಜ್ಯದ ಗುನುಂಗ್ ಜೆರಾಯ್ ಬೆಟ್ಟವೂ ಕಂಡಿತು. ಬೆಳಕು ಎದುರಿಗೆ, ಫೋಟೋ ಚೆನ್ನಾಗಿ ಬರಲಿಲ್ಲ. ಅಮ್ಮನಿಗೆ ಫೋಟೋ ಬೇಕೂ ಇರಲಿಲ್ಲ.

ಒಂದು ಒಳ್ಳೆಯ ವಿಷಯ. ಅಲ್ಲಿ ಸೂರ್ಯ ಹುಟ್ಟುವುದೇ ಏಳರ ಮೇಲೆ, ಮುಳುಗುವುದು ಏಳರಿಂದ ಏಳೂಮುಕ್ಕಾಲರ ನಡುವೆ. ಮೊದಲ ರೈಲು ಸಾಮಾನ್ಯವಾಗಿ 6:30ಕ್ಕೆ. ಹಾಗಾಗಿ ನಂದಿ ಬೆಟ್ಟಕ್ಕೆ ಹೊರಟವರ ಹಾಗೆ ರಾತ್ರಿ ಮೂರಕ್ಕೆ ಅಲಾರಂ ಇಟ್ಟು ಏಳಬೇಕಿಲ್ಲ.

ರೈಲು, ಮಾಮೂಲಿ ಟಿಕೆಟ್

ಬುಡದ ಸ್ಟೇಷನ್ ಏರ್ ಇತಾಮ್ ಅನ್ನುವ ಬಡಾವಣೆಯ ಆಚೆ ಇದೆ. ಜಾರ್ಜ್‌ಟೌನ್‌ನ ಜೆಟ್ಟಿಯಿಂದ, ಊರ ನಡುವಿನ ಕೊಮ್ತಾರ್ ಗೋಪುರದ ಮಾರ್ಗವಾಗಿ 204 ನಂಬರ್ ಬಸ್ ನೇರ ಅಲ್ಲಿಗೇ ಹೋಗುತ್ತದೆ. ಒಂದು ಗಂಟೆ ಇಟ್ಟುಕೊಳ್ಳಿ. ಚಿಲ್ಲರೆ ಕೈಯಲ್ಲಿರಲಿ. ನಾಲ್ಕು ಜನ ಇದ್ದರೆ ಗ್ರ್ಯಾಬ್ ಟ್ಯಾಕ್ಸಿಯೇ ಲೇಸು, ಅರ್ಧ ಗಂಟೆಯೊಳಗೆ ಮುಟ್ಟಿಸುತ್ತದೆ.

ವಿದೇಶಿಯರಿಗೆ ಹೋಗಿ ಬರುವ ಟಿಕೆಟ್ ನಾನು ಹೋದಾಗ 30 ರಿಂಗಿಟ್ ಇತ್ತು, ಮಕ್ಕಳಿಗೆ ಅರ್ಧ. ಒಂದು ರಿಂಗಿಟ್‌ಗೆ ಇಪ್ಪತ್ತು ರೂಪಾಯಿ ಚಿಲ್ಲರೆ ಅಂತ ಹಿಡಿದರೆ ಒಬ್ಬರಿಗೆ ಆರುನೂರರ ಮೇಲೆ. ಅಲ್ಲಿನವರಿಗೆ ಇದರ ಅರ್ಧಕ್ಕಿಂತ ಕಡಿಮೆ. ಮೈಸೂರು ಅರಮನೆಯಲ್ಲಿ ನಾವು ವಿದೇಶಿಯರಿಂದ ಜಾಸ್ತಿ ತಗೊಳ್ಳುತ್ತೇವಲ್ಲ, ಹಾಗೇ ಇದು. ಗೊಣಗಬೇಡಿ.

ರೈಲು ಅನ್ನುವುದಕ್ಕಿಂತ ಓರೆಯಾದ ಲಿಫ್ಟ್ ಅನ್ನಿ. ಒಂದು ಗಾಡಿ ಮೇಲಿನಿಂದ, ಇನ್ನೊಂದು ಕೆಳಗಿನಿಂದ. ಇವೆರಡನ್ನೂ ಕಟ್ಟಿರುವುದು ಒಂದೇ ಉಕ್ಕಿನ ಹಗ್ಗಕ್ಕೆ. ಬಾವಿಯ ಎರಡು ಕೊಡದ ಹಾಗೆ ಒಂದು ಇಳಿದರೆ ಇನ್ನೊಂದು ಏರುತ್ತದೆ. ಹಳಿ ನಡುವೆ ಒಂದು ಕಡೆ ಮಾತ್ರ ಎರಡಾಗಿ ಕವಲೊಡೆಯುತ್ತದೆ. ಅಲ್ಲಿ ಎದುರಿನ ಗಾಡಿ ಸರ್ರಂತ ಪಕ್ಕದಲ್ಲೇ ಹಾಯುತ್ತದೆ, ಎರಡೂ ಕಡೆಯ ಮಕ್ಕಳು ಕಿರುಚಿ ಟಾಟಾ ಮಾಡುತ್ತಾರೆ. ಹಳೇ ಗಾಡಿಗೆ ಅರ್ಧ ಗಂಟೆ ಬೇಕಿತ್ತು, ನಡುವೆ ಇಳಿದು ಬೇರೆ ಗಾಡಿ ಹತ್ತಬೇಕಿತ್ತು. 2010ರಲ್ಲಿ ಅದನ್ನು ನಿಲ್ಲಿಸಿ, 2011ರಲ್ಲಿ ಹೊಸದು ಬಿಟ್ಟರು. ಈಗ ಸುಮಾರು 2 ಕಿ.ಮೀ. ದಾರಿ ಹತ್ತು ನಿಮಿಷದೊಳಗೆ ಮುಗಿಯುತ್ತದೆ. ಒಂದು ಗಾಡಿಗೆ ನೂರು ಜನ. ನೂರರಲ್ಲಿ ಮುಕ್ಕಾಲು ಪಾಲು ನಿಂತೇ ಇರುತ್ತಾರೆ.

ಒಂದು ಗುಟ್ಟು. ಏರುವಾಗ ಗಾಡಿಯ ಕೆಳತುದಿಗೆ ಹೋಗಿ ಹಿಂಬದಿಯ ಗಾಜಿಗೆ ಮೂಗು ತಾಗಿಸಿ ನಿಲ್ಲಿ. ಊರು ನಿಮ್ಮ ಕಾಲ ಕೆಳಗಿನಿಂದ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಮೇಲ್ತುದಿಯಲ್ಲಿ ನಿಂತವರಿಗೆ ಹಳಿ, ಗಿಡ, ಒಂದು ಸುರಂಗ, ಅಷ್ಟೇ.

ಮಂಡಿ ನೋವಿನವರಿಗೆ, ಚಿಕ್ಕ ಮಕ್ಕಳಿರುವವರಿಗೆ, ಒಂದೇ ದಿನ ಇರುವವರಿಗೆ ಬೇರೆ ಯೋಚನೆ ಬೇಡ, ಇದೇ ಸರಿ. ವಾರದ ನಡುವಿನ ದಿನ, ಬೆಳಿಗ್ಗೆ ಎಂಟರೊಳಗೆ ಹೋದರೆ ಸಾಲಿನ ಕಾಟವೂ ಇಲ್ಲ. ಹೊರಡುವ ಮುಂಚೆ ಅಂದಿನ ಸಮಯ ಮತ್ತು ದರ ಅವರ ವೆಬ್‌ಸೈಟ್‌ನಲ್ಲಿ ನೋಡಿ. ರಿಪೇರಿಗೆ ಅಂತ ಕೆಲವು ದಿನ ಪೂರ್ತಿ ನಿಲ್ಲಿಸುವುದೂ ಉಂಟು.

ಫಾಸ್ಟ್ ಲೇನ್ ದಂಡವಾ?

ಮಾಮೂಲಿ ಸಾಲು ತಪ್ಪಿಸಿ ಬೇಗ ರೈಲು ಹತ್ತಿಸುವ ಟಿಕೆಟ್ ಇದು. ಬೆಲೆ ಮಾಮೂಲಿಯ ಎರಡು ಪಟ್ಟಿಗೂ ಜಾಸ್ತಿ. ನಾಲ್ಕು ಜನರ ಮನೆಗೆ ಅಂದರೆ ನಾಲ್ಕೈದು ಸಾವಿರ ರೂಪಾಯಿ ಹೆಚ್ಚುವರಿ. ವಾರದ ದಿನ ಬೆಳಿಗ್ಗೆ ತಗೊಂಡರೆ ಖಂಡಿತಾ ದಂಡ. ಶನಿವಾರ ಸಂಜೆ, ಚೀನೀ ಹೊಸ ವರ್ಷ, ಶಾಲೆ ರಜೆ, ಜೊತೆಗೆ ಎಪ್ಪತ್ತರ ಅತ್ತೆ, ನಾಳೆ ಬೆಳಿಗ್ಗೆ ವಿಮಾನ, ಇಷ್ಟೂ ಸೇರಿದರೆ ತಗೊಳ್ಳಿ. ಅಮ್ಮನ ಜೊತೆ ಹೋದ ಆ ಶನಿವಾರ ನಾನು ತಗೊಳ್ಳಬೇಕಾಗಿತ್ತು. ಆದರೆ ಮಂಜಿಗೆ ಫಾಸ್ಟ್ ಲೇನ್ ಇಲ್ಲ, ಅದು ನೆನಪಿರಲಿ. ಟಿಕೆಟ್ ಕೌಂಟರ್‌ನಲ್ಲಿ ನಿಂತು ಬೆಟ್ಟದ ತಲೆ ನೋಡಿ. ಮೋಡ ಕೂತಿದ್ದರೆ ದುಡ್ಡು ಬಿಚ್ಚಬೇಡಿ. ಇಳಿಯುವಾಗಲೂ ಅದೇ ಟಿಕೆಟ್‌ಗೆ ಬೇರೆ ಸಾಲಿದೆಯಾ ಅಂತ ಕೊಳ್ಳುವ ಮುಂಚೆ ಕೇಳಿಕೊಳ್ಳಿ. ರಾತ್ರಿ ಎಂಟರ ಮೇಲೆ ಎಲ್ಲರೂ ಒಟ್ಟಿಗೆ ಇಳಿಯುತ್ತಾರೆ, ನಿಜವಾದ ನೂಕುನುಗ್ಗಲು ಆಗ.

ನಡೆದು ಹತ್ತುವವರಿಗೆ

ಮೇಲಿನ ಸ್ಟೇಷನ್ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಮೇಲಿದೆ. ನೀವು ಶುರು ಮಾಡುವುದು ಬಹುಪಾಲು ಸಮುದ್ರಮಟ್ಟದಿಂದಲೇ. ಎರಡು ಚಾಮುಂಡಿ ಬೆಟ್ಟ ಒಂದರ ಮೇಲೊಂದು ಇಟ್ಟ ಹಾಗೆ ಅಂದುಕೊಳ್ಳಿ. ಅದರ ಜೊತೆಗೆ ಮಂಗಳೂರಿನ ಸೆಕೆ.

ಎರಡು ದಾರಿ ಜನಕ್ಕೆ ಗೊತ್ತು. ಒಂದು ಜೀಪ್ ಟ್ರ್ಯಾಕ್. ಬೊಟಾನಿಕ್ ಗಾರ್ಡನ್ ಹತ್ತಿರದಿಂದ ತುದಿಯವರೆಗೆ 5 ಕಿ.ಮೀ. ಚಿಲ್ಲರೆ ಟಾರು ರಸ್ತೆ. ದಾರಿ ತಪ್ಪುವ ಮಾತೇ ಇಲ್ಲ. ಆದರೆ ಏರು ಅಂದರೆ ಏರು, ಕೆಲವು ಕಡೆ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ. ಮೇಲಿನ ನಿವಾಸಿಗಳ ಗಾಡಿ ಆಗಾಗ ಓಡಾಡುತ್ತದೆ, ಪಕ್ಕಕ್ಕೆ ಸರಿಯಬೇಕು. ಇನ್ನೊಂದು ಮೂನ್ ಗೇಟ್ ದಾರಿ. ಗಾರ್ಡನ್ನಿನ ಮುಖ್ಯ ಬಾಗಿಲಿಗಿಂತ ಸ್ವಲ್ಪ ಮುಂಚೆ, ರಸ್ತೆ ಬದಿಯಲ್ಲಿ ಚಂದ್ರನ ಹಾಗೆ ದುಂಡಗಿರುವ ಹಳೇ ದ್ವಾರ. ಒಳಗೆ ಹೊಕ್ಕರೆ ಬೇರು, ಮಣ್ಣು, ಮೆಟ್ಟಿಲು, ನೆರಳು. ಮೇಲೆ 84 ಅನ್ನುವ ತಂಗುದಾಣದ ಹತ್ತಿರ ಇದು ಜೀಪ್ ಟ್ರ್ಯಾಕಿಗೆ ಸೇರಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಟಾರೇ.

ನನ್ನ ಆಯ್ಕೆ ಮೂನ್ ಗೇಟ್. ಬೆಳಿಗ್ಗೆ ಹೋದರೆ ಅರವತ್ತು ದಾಟಿದ ಚೀನೀ ಅಜ್ಜಂದಿರು ಟವಲ್ ಹೆಗಲಿಗೆ ಹಾಕಿಕೊಂಡು ನಿಮ್ಮನ್ನು ದಾಟಿ ಹೋಗುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಅವರು ವಾರಕ್ಕೆ ಮೂರು ಸಲ ಹತ್ತುವವರು. ನನಗೂ ತಮ್ಮನಿಗೂ ಒಟ್ಟು ಮೂರು ಗಂಟೆ ಹಿಡಿಯಿತು. ಒಬ್ಬರಿಗೆ ಎರಡು ಲೀಟರ್ ನೀರಾದರೂ ಬೇಕು. ಗಾರ್ಡನ್ ಸುತ್ತಮುತ್ತ ಮಂಗಗಳ ಕಾಟ ಇದೆ, ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಬಿಡುವುದಿಲ್ಲ. ಮೇಲೆ ಕಾಡಿನೊಳಗೆ ಸಿಗುವುದು ಬೇರೆ ಜಾತಿ, ಕಣ್ಣಿನ ಸುತ್ತ ಬಿಳೀ ಉಂಗುರ. ಕನ್ನಡಕ ಹಾಕಿಕೊಂಡ ಮೇಷ್ಟ್ರ ಹಾಗೆ ಎಲೆ ಅಗಿಯುತ್ತಾ ನಿಮ್ಮನ್ನೇ ನೋಡುತ್ತದೆ. ಪಾಪದ್ದು.

ಈ ದಾರಿಯಲ್ಲಿ ಊರು ಕಾಣುತ್ತದೆ ಅಂತ ಹೋಗಬೇಡಿ. ಮೂರು ಗಂಟೆಯಲ್ಲಿ ಮರಗಳ ಸಂದಿಯಿಂದ ಎರಡು ಸಲ ಕಂಡರೆ ಹೆಚ್ಚು. ಇದು ಕಾಡು ಬೇಕಾದವರ ದಾರಿ. ಮಳೆ ಬಂದ ಮರುದಿನ ಬೇಡವೇ ಬೇಡ. ಇಳಿಯುವುದಂತೂ ಹತ್ತುವುದಕ್ಕಿಂತ ಕಷ್ಟ, ಟಾರಿನ ಇಳಿಜಾರಿನಲ್ಲಿ ಮಂಡಿ ಚಿಪ್ಪು ಕಳಚಿ ಕೈಗೆ ಬಂದ ಹಾಗಾಗುತ್ತದೆ. ಅದಕ್ಕೇ ನಾನು ಹೇಳುವುದು: ನಡೆದು ಹತ್ತಿ, ರೈಲಲ್ಲಿ ಇಳಿಯಿರಿ. ಮೇಲೆ ಒಂದು ಕಡೆಯ ಟಿಕೆಟ್ ಸಿಗುತ್ತದೆ. ದುಡ್ಡೂ ಅರ್ಧ ಉಳಿಯಿತು, ರೈಲೂ ನೋಡಿದಂತಾಯಿತು. ಗಟ್ಟಿ ಕಾಲಿನ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೇ ಲೆಕ್ಕ ಇಲ್ಲ. ಇದರ ಉಲ್ಟಾ, ಅಂದರೆ ರೈಲಲ್ಲಿ ಹತ್ತಿ ನಡೆದು ಇಳಿಯುವುದು ಸುಲಭ ಅನ್ನಿಸಬಹುದು. ಮೋಸ ಹೋಗಬೇಡಿ.

ಮೇಲೆ ಏನಿದೆ, ಯಾವುದಕ್ಕೆ ಮತ್ತೆ ದುಡ್ಡು

ಸ್ಟೇಷನ್‌ನಿಂದ ಹೊರಗೆ ಬಂದ ಕೂಡಲೇ ಊರಿನ ಕಡೆಯ ಕಟಕಟೆ. ಅದಕ್ಕೆ ಮತ್ತೆ ಟಿಕೆಟ್ ಇಲ್ಲ. ಹತ್ತಿರದಲ್ಲೇ ಒಂದು ತಿರುಮುರುಗನ್ ಗುಡಿ, ಒಂದು ಮಸೀದಿ, ತಿಂಡಿ ಅಂಗಡಿಗಳು. ಐಸ್ ಕಚಾಂಗ್ ಅನ್ನುವ ಐಸ್ ಪುಡಿಯ ಸಿಹಿ ತಿನ್ನಿ. ಲಕ್ಸಾ ಅಂತ ಕೊಡುವ ನೂಡಲ್ಸಿನ ಸಾರು ಮೀನಿನದು, ಸಸ್ಯಾಹಾರಿಗಳು ಜೋಕೆ. ಊಟ ಕೆಳಗೆ ಲಿಟಲ್ ಇಂಡಿಯಾದಲ್ಲೇ ವಾಸಿ, ಇಡ್ಲಿ ದೋಸೆಗೆ ಕೊರತೆ ಇಲ್ಲ.

ಹ್ಯಾಬಿಟಾಟ್ ಅನ್ನುವ ಕಾಡಿನ ಉದ್ಯಾನಕ್ಕೆ ಬೇರೆ ಟಿಕೆಟ್, ರೈಲಿನದಕ್ಕಿಂತ ಜಾಸ್ತಿ. ಒಳಗೆ ಮರದ ತುದಿಯ ಎತ್ತರಕ್ಕೆ ಕಟ್ಟಿದ ತೂಗುಸೇತುವೆ, ಆಮೇಲೆ ಕರ್ಟಿಸ್ ಕ್ರೆಸ್ಟ್ ಅನ್ನುವ ದುಂಡನೆಯ ಅಟ್ಟಣೆ. ಮುಖ್ಯ ಕಟಕಟೆಯಿಂದ ಊರಿನ ಕಡೆ ಮಾತ್ರ ಕಾಣುತ್ತದೆ, ಸೂರ್ಯ ಮುಳುಗುವ ಕಡಲು ಬೆಟ್ಟದ ಹಿಂದೆ. ಕರ್ಟಿಸ್ ಕ್ರೆಸ್ಟ್‌ನಿಂದ ಸುತ್ತಲೂ ಕಾಣುತ್ತದೆ. ಹೆಚ್ಚಿಗೆ ದುಡ್ಡು ಹಾಕುವುದಾದರೆ ಫಾಸ್ಟ್ ಲೇನ್ ಬಿಟ್ಟು ಇದಕ್ಕೆ ಹಾಕಿ ಅನ್ನುತ್ತೇನೆ. ಆದರೆ ಇದು ಸಂಜೆ ಬೇಗ ಮುಚ್ಚುತ್ತದೆ, ಸೂರ್ಯಾಸ್ತ ಸಿಗುತ್ತದೆ ಅಂತ ನೆಚ್ಚಿಕೊಳ್ಳಬೇಡಿ.

ಕಟಕಟೆಯಲ್ಲಿ ನಿಂತಾಗ ನಮ್ಮವರು ತಪ್ಪದೆ ನೋಡಬೇಕಾದ್ದು ಎರಡಿದೆ. ಊರಿನ ಮೂಲೆ ಕಡಲಿಗೆ ಚಾಚಿದ ತುದಿಯಲ್ಲಿ ಒಂದು ಕೋಟೆ. ಅದರ ಹೆಸರು ಫೋರ್ಟ್ ಕಾರ್ನ್‌ವಾಲಿಸ್. ಹೌದು, 1791ರಲ್ಲಿ ಬೆಂಗಳೂರು ಕೋಟೆ ಹಿಡಿದು, 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡ ಅದೇ ಕಾರ್ನ್‌ವಾಲಿಸ್. ಕಡಲಿನ ಆಚೆ ಚಪ್ಪಟೆ ನೆಲ ಕಾಣುತ್ತದಲ್ಲ, ಈಗ ಸೆಬೆರಾಂಗ್ ಪೆರಾಯ್, ಅದನ್ನು 1800ರಲ್ಲಿ ಕೆಡಾದ ಸುಲ್ತಾನನಿಂದ ಪಡೆದ ಕಂಪನಿಯವರು ಪ್ರಾವಿನ್ಸ್ ವೆಲ್ಲೆಸ್ಲಿ ಅಂತ ಕರೆದರು. ಅದಕ್ಕೆ ಒಂದೇ ವರ್ಷ ಹಿಂದೆ ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದ ರಿಚರ್ಡ್ ವೆಲ್ಲೆಸ್ಲಿಯ ಹೆಸರು. ಇಷ್ಟು ದೂರ ಬಂದು ಬೆಟ್ಟ ಹತ್ತಿ ನೋಡಿದರೆ ಎದುರಿಗೆ ನಮ್ಮ ಊರಿನ ಹಳೇ ಜಗಳದವರೇ!

ಬೆಟ್ಟವೇ ಬೇಡ ಅನ್ನುವವರಿಗೆ

ಏರ್ ಇತಾಮ್‌ನಲ್ಲೇ ಕೆಕ್ ಲೋಕ್ ಸಿ ಬೌದ್ಧ ದೇವಾಲಯ ಇದೆ. ಬೆಟ್ಟದ ಸ್ಟೇಷನ್ನಿಗೆ ಹತ್ತಿರ. ಏಳಂತಸ್ತಿನ ಪಗೋಡ, ಕರುಣೆಯ ದೇವತೆ ಕುವಾನ್ ಯಿನ್‌ಳ 30 ಮೀಟರ್ ಎತ್ತರದ ಕಂಚಿನ ಮೂರ್ತಿ. ನೋಟ ಅಷ್ಟು ಎತ್ತರದ್ದಲ್ಲ, ಆದರೆ ಖರ್ಚು ಚಿಲ್ಲರೆ ಕಾಸು. ಬೆಟ್ಟದ ತಲೆಗೆ ಮೋಡ ಕೂತಿದ್ದರೆ ಸೀದಾ ಇಲ್ಲಿಗೆ ಬನ್ನಿ. ಮಂಜು ಇಷ್ಟು ಕೆಳಗೆ ಇಳಿಯುವುದು ಕಡಿಮೆ.

ಬೊಟಾನಿಕ್ ಗಾರ್ಡನ್ ರಸ್ತೆಯಲ್ಲಿ ಬಾಲದಂಡಾಯುಧಪಾಣಿ ದೇವಸ್ಥಾನ, 513 ಮೆಟ್ಟಿಲು. ತಮಿಳರು ಆ ಜಾಗವನ್ನು ತಣ್ಣೀರ್‌ಮಲೈ ಅನ್ನುತ್ತಾರೆ. ಮುರುಗನ ಹಬ್ಬವಾದ ತೈಪೂಸಂ ದಿನ ಕಾಲಿಡಲು ಜಾಗ ಇರುವುದಿಲ್ಲ. ಬೇರೆ ದಿನ ಬೆಳಿಗ್ಗೆ ಹತ್ತಿದರೆ ಸುಬ್ರಹ್ಮಣ್ಯನ ದರ್ಶನ, ಕಡಲ ಕಡೆಯ ಎತ್ತರದ ಕಟ್ಟಡಗಳ ನೋಟ, ಎರಡೂ ಪುಕ್ಕಟೆ. ಅಮ್ಮ ಇದನ್ನು ಬೆಟ್ಟಕ್ಕಿಂತ ಮೆಚ್ಚಿಕೊಂಡರು. ಮೆಟ್ಟಿಲಿಗೆ ಬಂದ ಮಂಡಿ ನೋವು ರೈಲಿನ ಸಾಲಿಗೆ ಬಂದ ಮಂಡಿ ನೋವಿಗಿಂತ ಕಡಿಮೆಯಂತೆ.

ಊರಿನ ನಡುವೆ ಕೊಮ್ತಾರ್ ಗೋಪುರ, ತುದಿಯಲ್ಲಿ ಗಾಜಿನ ನೆಲದ ಮೇಲೆ ನಡೆಯುವ ವ್ಯವಸ್ಥೆ. ಟಿಕೆಟ್ ದುಬಾರಿ, ತಂಪು ಏಸಿಯದು. ಆದರೆ ಹಳೇ ಊರಿನ ಕೆಂಪು ಹೆಂಚಿನ ಸಾಲು ಮನೆಗಳು ಹತ್ತಿರದಿಂದ ಎಣಿಸುವ ಹಾಗೆ ಕಾಣುವುದು ಇಲ್ಲಿಂದಲೇ. ಬೆಟ್ಟದಿಂದ ಅವು ಬರೀ ಕೆಂಪು ಚುಕ್ಕೆ. ಹಳೇ ಕಟ್ಟಡಗಳ ಹುಚ್ಚು ಇರುವವರು, ಸಂಜೆ ಎರಡೇ ಗಂಟೆ ಇರುವವರು ಇದನ್ನು ನೋಡಲಿ. ಉಳಿದವರಿಗೆ ನಾನು ಹೇಳುವುದಿಲ್ಲ.

ಹೋದ ತಿಂಗಳು ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಗಂಡ, ಆರು ವರ್ಷದ ಮಗ, ಅತ್ತೆ. ಎರಡು ದಿನ. ಬಜೆಟ್ ಬಿಗಿ. ನಾನು ಹೇಳಿದ್ದು ಇಷ್ಟು: ಡಿಸೆಂಬರ್‌ನಿಂದ ಫೆಬ್ರವರಿ ಒಣ ಹವೆ, ಆಗ ಹೋಗು. ಸೆಪ್ಟೆಂಬರ್, ಅಕ್ಟೋಬರ್ ಮಳೆ ಜೋರು. ಎರಡು ದಿನದಲ್ಲಿ ವಾರದ ನಡುವಿನದನ್ನು ಬೆಟ್ಟಕ್ಕೆ ಇಡು. ಮಧ್ಯಾಹ್ನ ಕೆಕ್ ಲೋಕ್ ಸಿ ನೋಡಿಕೊಂಡು ನಾಲ್ಕಕ್ಕೆ ಸ್ಟೇಷನ್ನಿಗೆ ಬಾ. ತಲೆ ಎತ್ತಿ ನೋಡು. ಬಿಚ್ಚಿಕೊಂಡಿದ್ದರೆ ಮಾಮೂಲಿ ಟಿಕೆಟ್ ತಗೋ, ದೀಪ ಹತ್ತುವವರೆಗೆ ಇದ್ದು ಏಳೂಮುಕ್ಕಾಲಕ್ಕೆ ಸಾಲಿಗೆ ನಿಲ್ಲು, ಜನ ಏಳುವ ಮುಂಚೆ. ಮೋಡ ಇದ್ದರೆ ವಾಪಸ್ ಹೋಗಿ ಮಲಗು, ಮರುದಿನ ಮೊದಲ ರೈಲಿಗೆ ಬಾ.

"ಮತ್ತೆ ಸ್ವೆಟರ್ ಬೇಕಾ ಅಕ್ಕಾ?" ಅಂದಳು. ಊರಿಗಿಂತ ನಾಲ್ಕೈದು ಡಿಗ್ರಿ ತಂಪು ಇರುತ್ತದೆ ಅಷ್ಟೇ, ಬೆಂಗಳೂರಿನವರಿಗೆ ಬೇಡ. ಅತ್ತೆಗೊಂದು ಶಾಲು ಇಟ್ಟುಕೋ ಅಂದೆ.